ಬ್ಯಾರೆಲ್‌ನಲ್ಲಿ ಮಾಗಿದ ಪೇಸ್ಟ್ರಿ ಸ್ಟೌಟ್ ಸವಿಯುವ ಕ್ರಮ: ಬಾಟಲಿ ನಿಲ್ಲಿಸುವುದರಿಂದ ಕೊನೆಯ ಗುಟುಕಿನವರೆಗೆ

ದೂರು ಯಾವಾಗಲೂ ಒಂದೇ. "ಅಷ್ಟು ದುಡ್ಡು ಕೊಟ್ಟು ತರಿಸಿದ ಬಾಟಲಿ, ಕುಡಿದರೆ ಕೆಮ್ಮಿನ ಸಿರಪ್ ಥರ ಇತ್ತು." ಇಲ್ಲವೇ, "ಲೇಬಲ್ ಮೇಲೆ ಚಾಕೊಲೇಟ್, ವೆನಿಲಾ, ತೆಂಗು ಅಂತೆಲ್ಲ ಇತ್ತು. ನನಗೆ ಸಿಕ್ಕಿದ್ದು ಬರೀ ಸಿಹಿ, ಆಮೇಲೆ ಗಂಟಲುರಿ." ವಿಚಾರಿಸಿದರೆ ಹೆಚ್ಚಿನ ಸಲ ಬಿಯರ್ ಸರಿಯಾಗಿಯೇ ಇರುತ್ತದೆ. ಫ್ರಿಜ್‌ನಿಂದ ತೆಗೆದ ಕೂಡಲೇ ಮಗ್ ತುಂಬ ಸುರಿದುಕೊಂಡು, ಪಕ್ಕದಲ್ಲಿ ಖಾರದ ಮಿಕ್ಸ್‌ಚರ್ ಇಟ್ಟುಕೊಂಡು, ಮಾಮೂಲಿ ಬಿಯರ್ ಕುಡಿದಂತೆ ಕುಡಿದಿರುತ್ತಾರೆ.

ಇಲ್ಲಿ ಹೇಳುತ್ತಿರುವುದು ಸುಮಾರು ಶೇ 10ರಿಂದ 15ರಷ್ಟು ಆಲ್ಕೋಹಾಲ್ ಇರುವ ಇಂಪೀರಿಯಲ್ ಸ್ಟೌಟ್, ಅಂದರೆ ಹುರಿದ ಬಾರ್ಲಿ ಹಾಕಿ ಮಾಡುವ ಕಪ್ಪು, ಕಡು ಬಿಯರ್ ಬಗ್ಗೆ. ಬರ್ಬನ್ ವಿಸ್ಕಿ ಖಾಲಿಯಾದ ಓಕ್ ಬ್ಯಾರೆಲ್‌ಗಳಲ್ಲಿ ಅದನ್ನು ತಿಂಗಳುಗಟ್ಟಲೆ ಮಾಗಿಸಿರುತ್ತಾರೆ. ಕಾಫಿ, ಕೋಕೋ, ವೆನಿಲಾ, ತೆಂಗು, ಚಕ್ಕೆ, ಮೇಪಲ್ ಸಿರಪ್ ಇತ್ಯಾದಿ ಸೇರಿಸಿ ಸಿಹಿತಿಂಡಿಯ ರುಚಿ ತಂದಿರುತ್ತಾರೆ, ಪೇಸ್ಟ್ರಿ ಸ್ಟೌಟ್ ಅನ್ನುವುದು ಅದಕ್ಕೇ. ಶಿಕಾಗೊದ ಗೂಸ್ ಐಲ್ಯಾಂಡ್‌ನವರ ಬರ್ಬನ್ ಕೌಂಟಿ ಮತ್ತು ಅದರ ಕಾಫಿ, ವೆನಿಲಾ ಬಗೆಗಳು, ಮಿಷಿಗನ್‌ನ ಫೌಂಡರ್ಸ್ ಮಾಡುವ ಕೆಬಿಎಸ್, ಸೌತ್ ಕ್ಯಾರೊಲಿನಾದ ವೆಸ್ಟ್‌ಬ್ರೂಕ್‌ನವರ ಮೆಕ್ಸಿಕನ್ ಕೇಕ್‌ನ ಬ್ಯಾರೆಲ್ ಬಗೆಗಳು, ಎಲ್ಲವೂ ಈ ಗುಂಪಿನವು.

ನಮ್ಮಲ್ಲಿ ಸ್ಟ್ರಾಂಗ್ ಬಿಯರ್ ಅಂದರೂ ಶೇ 8ರ ಒಳಗೇ ಇರಬೇಕು. ಹಾಗಾಗಿ ಕರ್ನಾಟಕದಲ್ಲಿ ಇದು ಸಿಗುವುದು ಹೆಚ್ಚಾಗಿ ಹೊರದೇಶದಿಂದ ಬರುವವರ ಸೂಟ್‌ಕೇಸಿನಲ್ಲಿ, ತಲೆಗೆ 2 ಲೀಟರ್ ಎಂಬ ಕಸ್ಟಮ್ಸ್ ಮಿತಿಯೊಳಗೆ. ಒಂದು ಬಾಟಲಿ ಹಾಳಾದರೆ ನಾಳೆ ಅಂಗಡಿಗೆ ಹೋಗಿ ಇನ್ನೊಂದು ತರಲು ಆಗುವುದಿಲ್ಲ. ಕ್ರಮ ಮುಖ್ಯ ಅನ್ನುವುದು ಅದಕ್ಕೇ.

ಇಡೀ ಕೆಲಸದಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದದ್ದು ಒಂದು. ಈ ಬಿಯರ್‌ನಲ್ಲಿ ಮೂರು ಪದರಗಳಿವೆ. ಕೆಳಗೆ ಸ್ಟೌಟ್, ನಡುವೆ ಮರ ಮತ್ತು ಬರ್ಬನ್, ಮೇಲೆ ಸಿಹಿತಿಂಡಿಯ ರುಚಿ. ಲೇಬಲ್ ಮೇಲಿನ ಪದರವನ್ನು ಮಾತ್ರ ಹೇಳುತ್ತದೆ. ನೀವು ಕೆಳಗಿನಿಂದ ಹುಡುಕಿ.

## ಹಂತ 1: ಮೊದಲು ಲೆಕ್ಕ ಹಾಕಿ

500 ಮಿಲಿ ಬಾಟಲಿ, ಶೇ 14. ಅದರಲ್ಲಿರುವ ಶುದ್ಧ ಆಲ್ಕೋಹಾಲ್ 70 ಮಿಲಿ. ನಮ್ಮಲ್ಲಿ ಸಿಗುವ ಶೇ 42.8ರ ವಿಸ್ಕಿಯ 30 ಮಿಲಿ ಪೆಗ್‌ನಲ್ಲಿ ಸುಮಾರು 13 ಮಿಲಿ ಇರುತ್ತದೆ. ಅಂದರೆ ಒಂದು ಬಾಟಲಿ ಐದು ಸ್ಮಾಲ್ ಪೆಗ್ ದಾಟುತ್ತದೆ. ಸಿಹಿ ಇರುವುದರಿಂದ ಅದು ಬಾಯಿಗೆ ಗೊತ್ತಾಗುವುದಿಲ್ಲ, ಎದ್ದು ನಿಂತಾಗ ಗೊತ್ತಾಗುತ್ತದೆ.

ಆದ್ದರಿಂದ ಒಂದು ಬಾಟಲಿಗೆ ನಾಲ್ಕೈದು ಜನ ಇರಲಿ. ತಲೆಗೆ 80ರಿಂದ 100 ಮಿಲಿ. ರುಚಿ ತಿಳಿಯಲು ಅಷ್ಟು ಧಾರಾಳ ಸಾಕು. ಕುಡಿದವರು ಯಾರೂ ಗಾಡಿ ಓಡಿಸಬಾರದು. 21 ತುಂಬದವರಿಗೆ, ಗರ್ಭಿಣಿಯರಿಗೆ, ಆಲ್ಕೋಹಾಲ್ ಜೊತೆ ಆಗಿಬರದ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಬೇಡ.

ಬಂದವರ ಅಲರ್ಜಿ ಕೇಳಿಕೊಳ್ಳಿ, ಇದನ್ನು ಬಹಳ ಜನ ಮರೆಯುತ್ತಾರೆ. ಸಿಹಿ ಸ್ಟೌಟ್‌ಗಳಲ್ಲಿ ಲ್ಯಾಕ್ಟೋಸ್ ಹಾಕುವುದು ಸಾಮಾನ್ಯ. ಅದು ಹಾಲಿನ ಸಕ್ಕರೆ, ಬಿಯರ್ ಯೀಸ್ಟ್‌ಗೆ ಅದನ್ನು ಹುದುಗಿಸಲು ಬರುವುದಿಲ್ಲ, ಹಾಗೇ ಉಳಿಯುತ್ತದೆ. ಹಾಲು ಜೀರ್ಣವಾಗದವರಿಗೆ ಹೊಟ್ಟೆ ಕೆಡುತ್ತದೆ. ಪೀಕನ್, ಹೇಜಲ್‌ನಟ್, ಕಡಲೆಕಾಯಿ ಹಾಕಿದವೂ ಇವೆ. ಲೇಬಲ್‌ನ ಹಿಂಭಾಗದ ಸಣ್ಣ ಅಕ್ಷರ ಓದಿ.

## ಹಂತ 2: ಈಗಲೇ ತೆರೆಯಬೇಕೋ, ಇಡಬೇಕೋ

"ಸ್ಟ್ರಾಂಗ್ ಬಿಯರ್, ಇಟ್ಟಷ್ಟೂ ಒಳ್ಳೆಯದು" ಎಂಬ ಮಾತು ಅರ್ಧ ಸತ್ಯ. ಏನೂ ಸೇರಿಸದ, ಬರೀ ಬ್ಯಾರೆಲ್‌ನಲ್ಲಿ ಮಾಗಿದ ಸ್ಟೌಟ್ ತಂಪಾದ ಕತ್ತಲೆಯಲ್ಲಿ ಎರಡು ಮೂರು ವರ್ಷ ಚೆನ್ನಾಗಿ ಇರುತ್ತದೆ. ಉರಿ ತಗ್ಗಿ ಒಣದ್ರಾಕ್ಷಿ, ಖರ್ಜೂರದ ರುಚಿ ಬರುತ್ತದೆ. ಆದರೆ ಸಿಹಿತಿಂಡಿ ಬಗೆಯವು ಬೇರೆ.

ಕಾಫಿ ಎಲ್ಲಕ್ಕಿಂತ ಬೇಗ ಹೋಗುತ್ತದೆ. ಕೆಲವೇ ತಿಂಗಳಲ್ಲಿ ಪರಿಮಳ ಮಂಕಾಗಿ, ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ತಲೆ ಎತ್ತುತ್ತದೆ. ತೆಂಗು ಹಾಕಿದ್ದು ಹಳೆಯದಾದರೆ ಕಮಟು. ವೆನಿಲಾ, ಮಾರ್ಷ್‌ಮ್ಯಾಲೋ ಥರದವು ಕೆಡುವುದಿಲ್ಲ, ಸುಮ್ನೆ ಮಾಸಿಹೋಗುತ್ತವೆ. ಚಕ್ಕೆ ಸ್ವಲ್ಪ ತಡೆಯುತ್ತದೆ. ನನ್ನ ಸಲಹೆ ಸರಳ: ಕಾಫಿ ಅಥವಾ ತೆಂಗು ಇದ್ದರೆ ಕೈಗೆ ಬಂದ ತಿಂಗಳಲ್ಲೇ ತೆರೆಯಿರಿ.

ಇಡುವುದಾದರೆ ಫ್ರಿಜ್‌ನಲ್ಲಿಡಿ. ಸದಾ 13 ಡಿಗ್ರಿ ಆಸುಪಾಸಿನ ನೆಲಮಾಳಿಗೆ ಇರುವ ದೇಶಗಳ ಸಲಹೆಯನ್ನು ನಂಬಿ ಮಂಗಳೂರಿನ ಅಥವಾ ರಾಯಚೂರಿನ ಮನೆಯ ಬೀರುವಿನಲ್ಲಿ ಇಟ್ಟರೆ ಒಂದೇ ಬೇಸಿಗೆಗೆ ಹಳಸಲು ಬರುತ್ತದೆ. ಹಣ್ಣಿನ ತಿರುಳು ಹಾಕಿದ ಕ್ಯಾನ್‌ಗಳಂತೂ ಬಿಸಿಯಲ್ಲಿ ಮತ್ತೆ ಹುದುಗಿ ಒಡೆಯಬಹುದು.

## ಹಂತ 3: ಸಾಮಾನು ಜೋಡಿಸಿಕೊಳ್ಳಿ

ಲೋಟ: ಹೊಟ್ಟೆ ಅಗಲ, ಬಾಯಿ ಕಿರಿದಾಗಿರಬೇಕು. ಬ್ರಾಂಡಿ ಕುಡಿಯುವ ಸ್ನಿಫ್ಟರ್ ಅಥವಾ ಟ್ಯುಲಿಪ್ ಲೋಟ ಚೆನ್ನ. ಇಲ್ಲದಿದ್ದರೆ ವೈನ್ ಗ್ಲಾಸ್ ಸಾಕು. ಮಗ್ ಬೇಡ, ಸ್ಟೀಲ್ ಲೋಟ ಬೇಡ. ಫ್ರೀಜರ್‌ನಲ್ಲಿಟ್ಟ ಲೋಟ ಖಂಡಿತ ಬೇಡ.

ಲೋಟ ತೊಳೆಯುವುದೇ ಒಂದು ಕೆಲಸ. ಸಾಬೂನಿನ ಪಸೆ, ಬಟ್ಟೆಯ ವಾಸನೆ ಎರಡೂ ಇರಬಾರದು. ಒಳಗೆ ನೀರು ಹಾಕಿ ಚೆಲ್ಲಿ ನೋಡಿ. ನೀರು ಒಂದೇ ಹಾಳೆಯಾಗಿ ಇಳಿದರೆ ಶುದ್ಧ. ಅಲ್ಲಲ್ಲಿ ಹನಿ ಹನಿಯಾಗಿ ನಿಂತರೆ ಜಿಡ್ಡು ಇದೆ, ಮತ್ತೆ ತೊಳೆಯಿರಿ. ಬೋರಲು ಹಾಕಿ ಗಾಳಿಗೆ ಒಣಗಿಸಿ, ಒರೆಸಬೇಡಿ.

ಇನ್ನು ಬೇಕಾದದ್ದು ಓಪನರ್, ಅಡುಗೆಮನೆಯ ಥರ್ಮಾಮೀಟರ್ ಇದ್ದರೆ ಒಳ್ಳೆಯದು, ತಲೆಗೊಂದು ದೊಡ್ಡ ಲೋಟ ಸಾದಾ ನೀರು, ಏನೂ ಹಚ್ಚದ ಬಿಳಿ ಬ್ರೆಡ್, ಪೆನ್ನು, ಚೀಟಿ, ಬಾಟಲಿ ಸುತ್ತಲು ಒಂದು ಕಾಗದ. ಕಾಗದ ಯಾಕೆ ಅಂತ ಮುಂದೆ ಹೇಳುತ್ತೇನೆ.

ಕೊನೆಯದು, ಬಹಳ ಜನ ಬಿಡುವಂಥದ್ದು: ವಾಸನೆಯ ಬಟ್ಟಲುಗಳು. ಆರೇಳು ಸಣ್ಣ ಬಟ್ಟಲುಗಳಲ್ಲಿ ಒಂದೊಂದು ಚಮಚ ಇಡಿ. ಕಾಫಿಪುಡಿ, ಸಿಹಿ ಇಲ್ಲದ ಕೋಕೋ ಪುಡಿ, ಜೋನಿ ಬೆಲ್ಲ, ಒಣದ್ರಾಕ್ಷಿ, ಹುರಿದ ಕೊಬ್ಬರಿ ತುರಿ, ಲವಂಗ, ಚಕ್ಕೆ. ಕಾಫಿಪುಡಿ ಚಿಕೋರಿ ಇಲ್ಲದ್ದೇ ಆಗಬೇಕು. ನಮ್ಮ ಫಿಲ್ಟರ್ ಕಾಫಿಯ ಮೂಗಿಗೆ ಕಾಫಿ ಅಂದರೆ ಅರ್ಧ ಚಿಕೋರಿ. ಆ ನೆನಪಿನಲ್ಲಿ ಸ್ಟೌಟ್ ಮೂಸಿದರೆ ಇರುವ ಕಾಫಿಯೂ ಸಿಗುವುದಿಲ್ಲ. ಬಾಟಲಿ ತೆರೆಯುವ ಸ್ವಲ್ಪ ಮೊದಲು ಎಲ್ಲರೂ ಒಮ್ಮೆ ಈ ಬಟ್ಟಲುಗಳನ್ನು ಮೂಸಿ ಮುಚ್ಚಿಡಿ. "ಏನೋ ಇದೆ, ಹೆಸರು ಬರ್ತಿಲ್ಲ" ಎಂಬ ತೊಂದರೆ ಇದರಿಂದ ಬಹಳ ಕಡಿಮೆಯಾಗುತ್ತದೆ.

## ಹಂತ 4: ಕೋಣೆ ಮತ್ತು ಬಾಯಿ

ಊದುಬತ್ತಿ, ಸಾಂಬ್ರಾಣಿ, ಮಲ್ಲಿಗೆ ಹೂವು, ಸೆಂಟು, ರೂಮ್ ಫ್ರೆಷ್‌ನರ್ ಯಾವುದೂ ಹತ್ತಿರ ಇರಬಾರದು. ಪಕ್ಕದಲ್ಲಿ ಒಗ್ಗರಣೆ ಹಾಕುತ್ತಿದ್ದರೆ ಒಂದು ಗಂಟೆ ತಡೆಯಿರಿ. ಇಂಗು, ಬೆಳ್ಳುಳ್ಳಿ ಬೆರಳಿಗೆ ಅಂಟಿರುತ್ತದೆ, ಲೋಟ ಎತ್ತಿದಾಗ ಮೂಗಿಗೆ ಮೊದಲು ತಲುಪುವುದು ಅದೇ. ವಾಸನೆ ಇಲ್ಲದ ಸಾಬೂನಿನಲ್ಲಿ ಕೈ ತೊಳೆಯಿರಿ.

ಸವಿಯುವ ಒಂದು ಗಂಟೆ ಮುಂಚೆ ಸಪ್ಪೆ ಊಟ ಮುಗಿಸಿ. ಖಾಲಿ ಹೊಟ್ಟೆಯಲ್ಲಿ ಶೇ 14ರ ಬಿಯರ್ ಬೇಡ. ಊಟವಾದ ಮೇಲೆ ಎಲೆ ಅಡಿಕೆ, ಸೋಂಪು, ಸಿಗರೇಟು, ಕಾಫಿ, ಪೇಸ್ಟ್ ಹಾಕಿ ಹಲ್ಲುಜ್ಜುವುದು ಯಾವುದೂ ಆಗದು.

## ಹಂತ 5: ಹದವಾದ ತಂಪು

ಹೆಚ್ಚು ಜನ ಸೋಲುವುದು ಇಲ್ಲೇ. ಫ್ರಿಜ್‌ನ 4 ಡಿಗ್ರಿಯಲ್ಲಿ ಪರಿಮಳ ಮೇಲೇಳುವುದಿಲ್ಲ, ನಾಲಿಗೆಗೂ ಜೋಮು. ಕಹಿ ಮತ್ತು ಒಗರು ಮಾತ್ರ ಎದ್ದು ಕಾಣುತ್ತವೆ. ಇನ್ನೊಂದು ತುದಿಯಲ್ಲಿ, 20 ದಾಟಿದರೆ ಆಲ್ಕೋಹಾಲ್ ಮೂಗು ಚುಚ್ಚುತ್ತದೆ, ಸಿಹಿ ಪಾಕದಂತಾಗುತ್ತದೆ.

ಶುರುಮಾಡಲು 10ರಿಂದ 12 ಡಿಗ್ರಿ ಸರಿ. ಕುಡಿಯುತ್ತಾ ಹೋದಂತೆ ಅದು ತಾನಾಗಿ 16, 18ಕ್ಕೆ ಏರುತ್ತದೆ. ಆ ಏರಿಕೆಯೇ ನಿಮಗೆ ಬೇಕಾದದ್ದು, ಮೂರೂ ಪದರಗಳು ಬೇರೆ ಬೇರೆ ಉಷ್ಣತೆಯಲ್ಲಿ ತೆರೆದುಕೊಳ್ಳುತ್ತವೆ.

500 ಮಿಲಿ ಬಾಟಲಿಯನ್ನು ಬೆಂಗಳೂರಿನ ಸಂಜೆಗೆ ಸುಮಾರು 40 ನಿಮಿಷ ಮೊದಲು ಫ್ರಿಜ್‌ನಿಂದ ಹೊರಗಿಡಿ. ಕರಾವಳಿಯ ಸೆಕೆಗೆ ಅರ್ಧ ಗಂಟೆ ಸಾಕು. ಹೀಟರ್ ಹಾಕಿದ ಶಿಕಾಗೊದ ಮನೆಯಲ್ಲಾದರೆ ಒಂದು ಗಂಟೆ ಬೇಕಾದೀತು. ಸಣ್ಣ ಬಾಟಲಿಗೆ ಸಮಯ ಕಡಿಮೆ. ಬಿಸಿನೀರಿನಲ್ಲಿ ಮುಳುಗಿಸಿ ಅವಸರ ಮಾಡಬೇಡಿ. ಹೊರಮೈ ಬಿಸಿಯಾಗಿ ಒಳಗೆ ತಣ್ಣಗಿರುತ್ತದೆ, ನೊರೆಯೂ ಉಕ್ಕುತ್ತದೆ. ಐಸ್ ತುಂಡು ಹಾಕುವ ಮಾತೇ ಬೇಡ.

## ಹಂತ 6: ತೆರೆಯುವುದು, ಸುರಿಯುವುದು

ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ. ಕೋಕೋ, ತೆಂಗು, ಚಕ್ಕೆಯ ಪುಡಿ ಮತ್ತು ಯೀಸ್ಟ್ ತಳಕ್ಕೆ ಇಳಿಯಬೇಕು. ಮಲಗಿಸಿಟ್ಟ ಬಾಟಲಿ ಹಾಗೇ ತೆರೆದರೆ ಎಲ್ಲರ ಲೋಟದಲ್ಲೂ ಗಸಿ.

ಮುಚ್ಚಳಕ್ಕೆ ಮೇಣ ಇಳಿಸಿದ್ದರೆ ಚಾಕುವಿನಲ್ಲಿ ಪೂರ್ತಿ ಕೆರೆಯಲು ಹೋಗಬೇಡಿ. ಚೂರುಗಳು ಬಿಯರ್‌ಗೆ ಬೀಳುತ್ತವೆ, ಕೈಯೂ ಕೊಯ್ಯುತ್ತದೆ. ಮೇಣ ಮೆತ್ತಗಿದ್ದರೆ ಅದರ ಮೇಲಿನಿಂದಲೇ ಓಪನರ್ ಒತ್ತಿ ಎತ್ತಿ, ಮುಚ್ಚಳದ ಜೊತೆ ಬರುತ್ತದೆ. ಗಟ್ಟಿ ಇದ್ದರೆ ಅಂಗೈಯಿಂದ ಸ್ವಲ್ಪ ಹೊತ್ತು ಹಿಡಿದು ಬೆಚ್ಚಗೆ ಮಾಡಿ, ಮುಚ್ಚಳದ ಅಂಚಿನ ಕೆಳಗೆ ಸುತ್ತಲೂ ಒಂದು ಗೀರು ಹಾಕಿ, ಆಮೇಲೆ ತೆರೆಯಿರಿ. ಬಾಟಲಿಯ ಬಾಯಿ ಒದ್ದೆ ಬಟ್ಟೆಯಿಂದ ಒರೆಸಿ.

ಈಗ ಬಾಟಲಿಗೆ ಕಾಗದ ಸುತ್ತಿ. ಸುರಿಯುವವರನ್ನು ಬಿಟ್ಟು ಉಳಿದವರಿಗೆ ಲೇಬಲ್ ಕಾಣಬಾರದು. ಅಲರ್ಜಿಯ ವಿಷಯ ಮಾತ್ರ ಮೊದಲೇ ಹೇಳಿ. "ತಿರಮಿಸು" (ಕಾಫಿ ಹಾಕಿದ ಇಟಲಿಯ ಸಿಹಿತಿಂಡಿ) ಅಂತ ಓದಿದ ಮೂಗು ತಿರಮಿಸುವನ್ನೇ ಹುಡುಕುತ್ತದೆ, ಕೆಳಗೆ ಸ್ಟೌಟ್ ಇದೆಯೋ ಇಲ್ಲವೋ ನೋಡುವುದೇ ಇಲ್ಲ.

ಲೋಟ ಓರೆ ಹಿಡಿದು ನಿಧಾನ ಸುರಿಯಿರಿ, ಕೊನೆಯಲ್ಲಿ ನೆಟ್ಟಗೆ ಮಾಡಿ. ಲೋಟದ ಮೂರನೇ ಒಂದು ಭಾಗ ದಾಟಬಾರದು, ಮೇಲಿನ ಖಾಲಿ ಜಾಗ ಪರಿಮಳಕ್ಕೆ. ಬಾಟಲಿಯ ತಳದ ಒಂದು ಬೆರಳಿನಷ್ಟನ್ನು ಬಿಟ್ಟುಬಿಡಿ.

ಎಚ್ಚರಿಕೆ: ಕ್ಯಾನ್ ಉಬ್ಬಿದ್ದರೆ ತೆರೆಯಬೇಡಿ. ಚೆನ್ನಾಗಿ ತಣ್ಣಗೆ ಮಾಡಿ, ಬಟ್ಟೆ ಮುಚ್ಚಿ, ಮುಖದಿಂದ ದೂರ ಹಿಡಿದು ವಿಲೇವಾರಿ ಮಾಡಿ. ಬಾಟಲಿ ತೆರೆದ ಕೂಡಲೇ ನೊರೆ ನಿಲ್ಲದೆ ಉಕ್ಕಿದರೆ ಒಳಗೆ ಮತ್ತೆ ಹುದುಗುವಿಕೆ ಆಗಿರುವ ಸಾಧ್ಯತೆ ಜಾಸ್ತಿ.

## ಹಂತ 7: ನೋಡುವುದು

ಇದಕ್ಕೆ ಅರ್ಧ ನಿಮಿಷ ಸಾಕು. ಬಣ್ಣ ಕಪ್ಪು, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕಂದು. ನೊರೆ ಕಂದು ಬಣ್ಣದ್ದು, ತೆಳ್ಳಗೆ ಬಂದು ಬೇಗ ಹೋಗುತ್ತದೆ. ನೊರೆ ನಿಲ್ಲದ್ದು ದೋಷವಲ್ಲ. ಆಲ್ಕೋಹಾಲ್ ಜಾಸ್ತಿ, ಮೇಲಾಗಿ ತೆಂಗು ಮತ್ತು ಕೋಕೋದ ಎಣ್ಣೆ, ಎರಡೂ ನೊರೆಯನ್ನು ಒಡೆಯುತ್ತವೆ. ನೋಡಬೇಕಾದದ್ದು ಬೇರೆ: ಮೇಲೆ ಬಿಳಿ ಕೆನೆಯಂಥ ಪದರ ತೇಲುತ್ತಿದೆಯಾ? ಉಂಡೆಗಟ್ಟಿದ ಚೂರುಗಳಿವೆಯಾ? ಇದ್ದರೆ ಮೊದಲು ಮೂಸಿ, ಆಮೇಲೆ ಬಾಯಿಗಿಡುವ ಯೋಚನೆ.

## ಹಂತ 8: ಮೂಸುವುದು

ರುಚಿಯ ಹೆಚ್ಚಿನ ಭಾಗ ಮೂಗಿನದು. ಇಲ್ಲಿ ಅವಸರ ಮಾಡಿದವರಿಗೆ ಮುಂದೆ ಏನೂ ಸಿಗುವುದಿಲ್ಲ.

ಮೊದಲು ಲೋಟವನ್ನು ಎದೆಯ ಮಟ್ಟದಲ್ಲಿ ಹಿಡಿದು ಮೂಗಿನ ಕೆಳಗೆ ಒಮ್ಮೆ ಹಾಯಿಸಿ. ಆಲ್ಕೋಹಾಲ್ ಎಷ್ಟು ದೂರದಿಂದ ಬರುತ್ತದೆ ಗಮನಿಸಿ. ಆಮೇಲೆ ಹತ್ತಿರ ತಂದು ಎರಡು ಚಿಕ್ಕ ಉಸಿರು. ಮೂಗನ್ನು ಲೋಟದೊಳಗೆ ತೂರಿಸಿ ಉದ್ದಕ್ಕೆ ಎಳೆಯಬೇಡಿ, ಆಲ್ಕೋಹಾಲ್ ಆವಿಗೆ ಮೂಗು ಮರಗಟ್ಟುತ್ತದೆ. ಬಾಯಿ ಸ್ವಲ್ಪ ತೆರೆದಿರಲಿ. ಮೂರನೆಯ ಸಲ ಲೋಟದ ಬಾಯಿಗೆ ಅಂಗೈ ಮುಚ್ಚಿ, ಐದು ಸೆಕೆಂಡ್ ಮೆಲ್ಲಗೆ ಸುತ್ತಿಸಿ, ಕೈ ತೆಗೆದು ಕೂಡಲೇ ಮೂಸಿ.

ಈಗ ಕೆಳಗಿನ ಪದರದಿಂದ ಶುರು.

ಸ್ಟೌಟ್: ಹುರಿದ ಬಾರ್ಲಿಯ ವಾಸನೆ ಸಿಗಬೇಕು. ಹುರಿದ ರಾಗಿ, ಕಪ್ಪು ಕಾಫಿ, ಕಹಿ ಚಾಕೊಲೇಟ್, ಸೀದ ಸಕ್ಕರೆ, ಜೋನಿ ಬೆಲ್ಲ ಈ ಸಾಲಿನವು. ಒಣದ್ರಾಕ್ಷಿ, ಖರ್ಜೂರ ಇದ್ದರೆ ಬರೆದುಕೊಳ್ಳಿ. ಈ ಪದರ ಸಿಗಲೇ ಇಲ್ಲವೆಂದರೆ ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ತಣ್ಣಗಿರಬಹುದು.

ಮರ ಮತ್ತು ಬರ್ಬನ್: ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್ ಅನ್ನು ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಹಾಗಾಗಿ ಒಮ್ಮೆ ಬಳಸಿದ, ಸುಮಾರು 200 ಲೀಟರಿನ ಬ್ಯಾರೆಲ್‌ಗಳು ಬಿಯರ್ ಮಾಡುವವರಿಗೆ ಸಿಗುತ್ತವೆ. ಸುಟ್ಟ ಓಕ್‌ನ ಲಿಗ್ನಿನ್‌ನಿಂದ ವೆನಿಲಿನ್ ಬರುತ್ತದೆ, ಅದೇ ಮರದ ಲ್ಯಾಕ್ಟೋನ್‌ನಿಂದ ತೆಂಗಿನ ವಾಸನೆ, ಯೂಜಿನಾಲ್‌ನಿಂದ ಲವಂಗದ ವಾಸನೆ. ಇದು ಬಹಳ ಮುಖ್ಯ. ವೆನಿಲಾ, ತೆಂಗು ಒಂದನ್ನೂ ಹಾಕದ ಸಾದಾ ಬರ್ಬನ್ ಕೌಂಟಿಯಲ್ಲೂ ಎರಡೂ ಸಿಗುತ್ತವೆ. "ವೆನಿಲಾ ಇದೆ, ಹಾಗಾದರೆ ವೆನಿಲಾ ಹಾಕಿದ್ದಾರೆ" ಎಂಬ ತೀರ್ಮಾನಕ್ಕೆ ಅವಸರ ಬೇಡ.

ಮೇಲಿನ ಸಿಹಿ: ಹಾಕಿದ ವೆನಿಲಾ ಐಸ್‌ಕ್ರೀಮಿನ ಕಡೆಗೆ ವಾಲುತ್ತದೆ, ಎಲ್ಲಕ್ಕಿಂತ ಮೊದಲು ಮೂಗಿಗೆ ಬರುತ್ತದೆ. ಮರದ ವೆನಿಲಾ ತಡವಾಗಿ, ಒಣ ಮರದ ವಾಸನೆಯ ಜೊತೆ ಬರುತ್ತದೆ. ಹಾಕಿದ ತೆಂಗು ಹುರಿದ ಕೊಬ್ಬರಿಯೇ, ಮರದ ತೆಂಗು ತೆಳು ಕೆನೆ. ಒಂದು ಪರಿಮಳ ಮೂಗಿನಲ್ಲಿ ಜೋರಾಗಿದ್ದು, ಬಾಯಿಗೆ ಹಾಕಿದ ಮೇಲೆ ಎಲ್ಲೂ ಸಿಗದಿದ್ದರೆ ಎಸೆನ್ಸ್ ಬಳಸಿರುವ ಅನುಮಾನ ಸಹಜ. ಹೇಜಲ್‌ನಟ್ ಸ್ಟೌಟ್‌ಗಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ.

ಮೂಗು ದಣಿದರೆ ನಿಮ್ಮದೇ ಮೊಳಕೈ ಮೂಸಿ. ಅರ್ಧ ನಿಮಿಷದಲ್ಲಿ ಸರಿಹೋಗುತ್ತದೆ. ಮತ್ತೆ, ಎಲ್ಲರೂ ಬರೆದು ಮುಗಿಸುವ ತನಕ ಯಾರೂ ಬಾಯಿ ಬಿಡಬಾರದು. ಒಬ್ಬರು "ಬಾಳೆಹಣ್ಣು!" ಅಂದ ಮೇಲೆ ಎಲ್ಲರಿಗೂ ಬಾಳೆಹಣ್ಣೇ ಸಿಗುತ್ತದೆ.

## ಹಂತ 9: ಗುಟುಕು

ಮೊದಲ ಗುಟುಕು ಲೆಕ್ಕಕ್ಕಿಲ್ಲ. ಬಾಯಿಗೆ ಇಂಥ ಆಲ್ಕೋಹಾಲ್, ಇಂಥ ಸಿಹಿ ಅಭ್ಯಾಸವಾಗಲಿ ಅಂತ ತೆಗೆದುಕೊಳ್ಳುವುದು ಅದು. ಉರಿದರೆ ಉರಿಯಲಿ, ಏನೂ ಬರೆಯಬೇಡಿ. ಒಂದು ನಿಮಿಷ ಬಿಡಿ.

ಎರಡನೆಯದು ಒಂದು ಟೀ ಚಮಚದಷ್ಟು. ನಾಲಿಗೆಯ ಮೇಲೆ, ಅಕ್ಕಪಕ್ಕ, ವಸಡಿನವರೆಗೆ ಹರಿಸಿ. ಮನಸ್ಸಿನಲ್ಲೇ ಐದು ಎಣಿಸಿ. ನುಂಗಿ. ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಉಸಿರು ಬಿಡಿ. ಗಂಟಲ ಹಿಂದಿನಿಂದ ಪರಿಮಳ ಮೂಗಿಗೇರುವುದು ಆ ಉಸಿರಿನಲ್ಲಿ. ವೈನ್ ಸವಿಯುವವರ ಹಾಗೆ ಉಗುಳಿದರೆ ಇದರ ಅರ್ಧ ರುಚಿ ಹೋಯಿತು.

ಈಗ ಕ್ರಮವಾಗಿ ಕೇಳಿಕೊಳ್ಳಿ. ಮೊದಲು ಏನು ಬಂತು? ಸಾಮಾನ್ಯವಾಗಿ ಸಿಹಿ. ನಡುವೆ ಏನು? ಹುರಿದ ರುಚಿ ಇಲ್ಲಿ ಎದ್ದೇಳಬೇಕು. ಕೊನೆಗೆ ಏನು ಉಳಿಯಿತು? ಕಹಿಯಾ, ಮರದ ಒಗರಾ, ಬರೀ ಅಂಟಾ? ಓಕ್‌ನ ಟ್ಯಾನಿನ್ ಇದ್ದರೆ ನಾಲಿಗೆಯ ಅಂಚು, ವಸಡು ಸ್ವಲ್ಪ ಬಿಗಿಯುತ್ತದೆ, ಕಡು ಕಪ್ಪು ಚಹಾ ಕುಡಿದಾಗ ಆಗುವ ಹಾಗೆ. ಹಿತಮಿತವಾಗಿದ್ದರೆ ಅದು ಸಿಹಿಯನ್ನು ಹಿಡಿದು ನಿಲ್ಲಿಸುತ್ತದೆ. ಜಾಸ್ತಿಯಾದರೆ ಪೆನ್ಸಿಲ್ ಕಚ್ಚಿದ ರುಚಿ.

ದಪ್ಪ ಬೇರೆ, ಸಿಹಿ ಬೇರೆ. ಈ ಎರಡನ್ನು ಬೇರ್ಪಡಿಸಲು ಕಲಿಯುವುದೇ ದೊಡ್ಡ ಹೆಜ್ಜೆ. ಹುದುಗದೆ ಉಳಿದ ಮಾಲ್ಟ್ ಅಂಶ ಬಾಯಲ್ಲಿ ತೂಕ ಕೊಡುತ್ತದೆ, ಎಲ್ಲವೂ ಸಿಹಿ ಆಗಿರಬೇಕಿಲ್ಲ. ನುಂಗಿದ ಮೇಲೆ ತುಟಿಗೆ ತುಟಿ ಒತ್ತಿ ನೋಡಿ. ಅಂಟಿದರೆ ಸಕ್ಕರೆ. ಮೃದುವಾಗಿ ಜಾರಿದರೂ ಬಾಯಿ ತುಂಬಿದಂತಿದ್ದರೆ ಅದು ದಪ್ಪ.

ಮೆಣಸಿನಕಾಯಿ ಹಾಕಿದ ಬಗೆಗಳಲ್ಲಿ ಇನ್ನೊಂದು ಗೊಂದಲ. ಮೆಕ್ಸಿಕನ್ ಕೇಕ್‌ನಲ್ಲಿ ಹಬನೆರೊ ಇರುತ್ತದೆ, ಒಕ್ಲಹೋಮಾದ ಪ್ರೈರಿಯವರ ಬಾಂಬ್ ಎಂಬ ಸ್ಟೌಟ್‌ನಲ್ಲಿ ಆಂಚೊ. ಉರಿ ಆಲ್ಕೋಹಾಲ್‌ನದೋ ಮೆಣಸಿನದೋ? ಆಲ್ಕೋಹಾಲ್ ಉರಿ ಎದೆಗೆ ಇಳಿದು ಕೆಲವು ಸೆಕೆಂಡಿನಲ್ಲಿ ಆರುತ್ತದೆ. ಮೆಣಸಿನ ಉರಿ ತಡವಾಗಿ ಬಂದು, ನಾಲಿಗೆಯಲ್ಲೇ ಕೂತು, ಗುಟುಕಿನಿಂದ ಗುಟುಕಿಗೆ ಏರುತ್ತದೆ. ಖಾರ ತಿಂದು ಬೆಳೆದ ನಮ್ಮ ನಾಲಿಗೆಗೆ ಇದು ಸುಲಭ.

ಮೂರನೆಯ ಗುಟುಕಿನ ಹೊತ್ತಿಗೆ ಒಂದು ತೀರ್ಪು ಕೊಡಬಹುದು: ಸಿಹಿಯ ಕೆಳಗೆ ಸ್ಟೌಟ್ ನಿಂತಿದೆಯಾ? ಹುರಿದ ಕಹಿ ಇನ್ನೂ ಸಿಗುತ್ತಿದ್ದರೆ ನಿಂತಿದೆ. ಎಷ್ಟು ಹುಡುಕಿದರೂ ಕ್ರೀಮು, ಸಕ್ಕರೆ, ಎಸೆನ್ಸು ಬಿಟ್ಟು ಬೇರೇನೂ ಸಿಗದಿದ್ದರೆ, ಹೆಸರು ಎಷ್ಟೇ ದೊಡ್ಡದಿರಲಿ, ನನ್ನ ಪ್ರಕಾರ ಅದು ಸೋತ ಬಿಯರ್. ಬೆಲೆ ನೋಡಿ ಮನಸ್ಸು ಬದಲಾಯಿಸಬೇಡಿ.

ಗುಟುಕುಗಳ ನಡುವೆ ನೀರು, ಬೇಕಿದ್ದರೆ ಒಂದು ಚೂರು ಬ್ರೆಡ್.

## ಹಂತ 10: ಕೆಟ್ಟಿದೆಯೋ ಇಲ್ಲವೋ

ಹುಳಿ: ಈ ಬಗೆಯಲ್ಲಿ ಎದ್ದು ಕಾಣುವ ಹುಳಿ ಇರಬಾರದು. ವಿನೆಗರ್ ಕಟು ಇದ್ದರೆ ಗಾಳಿ ಸೋಕಿ ಅಸಿಟಿಕ್ ಆಮ್ಲ ಆಗಿದೆ. ಮೊಸರಿನ ಹುಳಿ ಇದ್ದರೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಸೇರಿದೆ. ದೊಡ್ಡವರಿಗೂ ಇದು ತಪ್ಪಿಲ್ಲ. 2015ರ ಬರ್ಬನ್ ಕೌಂಟಿಯ ಕೆಲವು ಲಾಟುಗಳು ಹೀಗೇ ಹುಳಿಯಾಗಿ, ಗೂಸ್ ಐಲ್ಯಾಂಡ್ ಹಣ ವಾಪಸ್ ಕೊಟ್ಟು, ಮುಂದಿನ ವರ್ಷದಿಂದ ಪಾಶ್ಚರೀಕರಣ ಶುರುಮಾಡಿತು. ಕಾಫಿ ಮತ್ತು ಹಣ್ಣು ಹಾಕಿದವುಗಳಲ್ಲಿ ತೆಳು ಹುಳಿ ಸಹಜ, ಅದಕ್ಕೆ ಗಾಬರಿ ಬೇಡ.

ಒದ್ದೆ ರಟ್ಟು, ಹಳೇ ಕಾಗದ: ಆಮ್ಲಜನಕ ಸೇರಿ ಹಳಸಿದೆ. ಆದರೆ ಒಣದ್ರಾಕ್ಷಿ, ಶೆರಿ ವೈನ್ ನೆನಪಾದರೆ ಅದು ಚೆನ್ನಾಗಿ ಮಾಗಿದ್ದರ ಗುರುತು.

ಸೋಯಾ ಸಾಸ್: ಸತ್ತ ಯೀಸ್ಟ್ ಒಡೆದಾಗ ಬರುತ್ತದೆ. ಹಳೆಯ ಬಾಟಲಿಯಲ್ಲಿ ಎಳೆಯಷ್ಟು ಇದ್ದರೆ ಸಹಿಸಬಹುದು, ಮೊದಲಿಗೇ ಅದು ಬಂದರೆ ಮುಗಿಯಿತು.

ನೇಲ್ ಪಾಲಿಶ್ ತೆಗೆಯುವ ದ್ರವ: ಬರ್ಬನ್‌ನ ಬಿಸಿಗೂ ಇದಕ್ಕೂ ವ್ಯತ್ಯಾಸವಿದೆ. ಬರ್ಬನ್‌ನಲ್ಲಿ ಸಿಹಿ ಇರುತ್ತದೆ. ಇದು ಬರೀ ಚುಚ್ಚು, ಹೊತ್ತು ಕಳೆದರೂ ಇಳಿಯುವುದಿಲ್ಲ.

ಬೆಣ್ಣೆ ಹಚ್ಚಿದ ಪಾಪ್‌ಕಾರ್ನ್: ಡಯಾಸಿಟೈಲ್, ಹುದುಗುವಾಗ ಹುಟ್ಟುವ ಬೆಣ್ಣೆ ವಾಸನೆಯ ವಸ್ತು. ಕ್ಯಾರಮೆಲ್ ಅಥವಾ ಬಿಸ್ಕತ್ತಿನ ರುಚಿ ಕೊಡುವ ಬಗೆಗಳಲ್ಲಿ ಜನ ಇದನ್ನು ಗುಣವೆಂದು ತಿಳಿಯುತ್ತಾರೆ. ನಾಲಿಗೆ ಜಿಡ್ಡಾದಂತೆ ಜಾರುತ್ತಿದ್ದರೆ ದೋಷವೇ.

ಅನುಮಾನ ಬಂದರೆ ಕೂಡಲೇ ಚೆಲ್ಲಬೇಡಿ. ಕಾಲು ಗಂಟೆ ಲೋಟದಲ್ಲಿ ಬಿಡಿ. ಮುಚ್ಚಳದಡಿ ಸೇರಿದ್ದ ವಾಸನೆಯಾದರೆ ಹೋಗುತ್ತದೆ, ದೋಷವಾದರೆ ಬೆಚ್ಚಗಾದಂತೆ ಹೆಚ್ಚುತ್ತದೆ.

## ಹಂತ 11: ಬೆಚ್ಚಗಾದ ಮೇಲೆ ಮತ್ತೊಮ್ಮೆ, ಆಮೇಲೆ ಲೇಬಲ್

ಸುರಿದುಕೊಂಡದ್ದರಲ್ಲಿ ಅರ್ಧ ಉಳಿದಿರಲಿ. ಇಪ್ಪತ್ತು ನಿಮಿಷ ಬಿಟ್ಟು ಮೂಸುವುದು, ಗುಟುಕು ಎರಡನ್ನೂ ಮತ್ತೆ ಮಾಡಿ. 16 ಡಿಗ್ರಿಯ ಹತ್ತಿರ ಮರ ಚೆನ್ನಾಗಿ ಕಾಣುತ್ತದೆ, ಮೊದಲು ಸಿಗದ ಒಣಹಣ್ಣು ಮೇಲೆ ಬರುತ್ತದೆ. ಸಿಹಿ ಸಹಿಸಲಾಗದಷ್ಟು ಆಗುವುದೂ ಇದೇ ಹೊತ್ತಿನಲ್ಲಿ. ಒಳ್ಳೆಯ ಬಿಯರ್ ಈ ಪರೀಕ್ಷೆಯಲ್ಲಿ ಉಳಿದುಕೊಳ್ಳುತ್ತದೆ.

ಚೀಟಿಯಲ್ಲಿ "ಸೂಪರ್", "ಸ್ಮೂತ್" ಅಂತ ಬರೆದರೆ ಮುಂದಿನ ತಿಂಗಳು ಓದಿದಾಗ ನಿಮಗೇ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ:

11 ಡಿಗ್ರಿ: ಮೂಗಿಗೆ ಮೊದಲು ಹುರಿದ ಕೊಬ್ಬರಿ, ಹಿಂದೆ ಕೋಕೋ ಪುಡಿ. ಬರ್ಬನ್ ದೂರದಲ್ಲಿ. ಬಾಯಲ್ಲಿ ಜೋನಿ ಬೆಲ್ಲ, ನಡುವೆ ಕಪ್ಪು ಕಾಫಿಯ ಕಹಿ, ಕೊನೆಗೆ ವಸಡಿನಲ್ಲಿ ಸಣ್ಣ ಒಗರು. ತುಟಿ ಅಂಟುತ್ತದೆ.
17 ಡಿಗ್ರಿ: ಕೊಬ್ಬರಿ ಇಳಿದಿದೆ. ಖರ್ಜೂರ, ಲವಂಗ. ಕಹಿ ಇನ್ನೂ ಇದೆ. ಇನ್ನೊಂದು ಗುಟುಕು ಬೇಕೆನಿಸುತ್ತದೆ.

ಈಗ ಕಾಗದ ತೆಗೆದು ಲೇಬಲ್ ಓದಿ. ಹಾಕಿದ್ದು ಯಾವುದು, ಮರ ಕೊಟ್ಟದ್ದು ಯಾವುದು ಅಂತ ಚೀಟಿಯ ಜೊತೆ ಹೋಲಿಸಿ. ಹೊಂದಲಿಲ್ಲವೆಂದರೆ ಚೀಟಿ ತಿದ್ದಬೇಡಿ. ಕಲಿಯುವುದೆಲ್ಲ ಆ ವ್ಯತ್ಯಾಸದಲ್ಲೇ ಇದೆ.

## ಹಂತ 12: ಒಂದಕ್ಕಿಂತ ಹೆಚ್ಚು ಬಾಟಲಿ, ತಿಂಡಿ, ಉಳಿದದ್ದು

ಒಂದು ಸಂಜೆಗೆ ಮೂರು ಬಗೆ ಮೀರಬೇಡಿ, ತಲೆಗೆ 50 ಮಿಲಿಯಂತೆ. ಏನೂ ಸೇರಿಸದ ಬ್ಯಾರೆಲ್ ಸ್ಟೌಟ್ ಮೊದಲು, ಆಮೇಲೆ ಕಾಫಿ ಅಥವಾ ವೆನಿಲಾ, ಕೊನೆಗೆ ಚಕ್ಕೆ ಅಥವಾ ಮೆಣಸಿನಕಾಯಿ. ಒಂದೇ ಬ್ರೂವರಿಯ ಸಾದಾ ಬಗೆ ಮತ್ತು ಸಿಹಿ ಬಗೆ ಎರಡೂ ಸಿಕ್ಕರೆ ಅಕ್ಕಪಕ್ಕ ಇಡಿ. ಪದರಗಳನ್ನು ಬಿಡಿಸಲು ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ತಿಂಡಿ ಸವಿದು ಮುಗಿದ ಮೇಲೆ. ಕೇಕ್, ಬರ್ಫಿ, ಮೈಸೂರು ಪಾಕ್ ಬೇಡ. ಸಿಹಿಯ ಮುಂದೆ ಬಿಯರ್‌ನ ಸಿಹಿ ಸೋತು ಬರೀ ಕಹಿ, ಉರಿ ಉಳಿಯುತ್ತದೆ. ಉಪ್ಪು ಹಾಕಿ ಹುರಿದ ಗೋಡಂಬಿ, ಹಳೆಯ ಚೆಡ್ಡಾರ್ ಚೀಸ್, ಬ್ಲೂ ಚೀಸ್ ಹೊಂದುತ್ತವೆ. ಉಪ್ಪಿಗೂ ಈ ಸಿಹಿಗೂ ಚೆನ್ನಾಗಿ ಆಗಿಬರುತ್ತದೆ.

ಬಾಟಲಿಯಲ್ಲಿ ಉಳಿದರೆ ಮುಗಿಸಲೇಬೇಕು ಅಂತ ಕುಡಿಯಬೇಡಿ. ಬಿಗಿಯಾದ ಬಿರಡೆ ಹಾಕಿ ಫ್ರಿಜ್‌ನಲ್ಲಿಡಿ. ಗ್ಯಾಸ್ ಕಡಿಮೆ ಇರುವ ಬಿಯರ್ ಆದ್ದರಿಂದ ಮರುದಿನ ಸಂಜೆಗೂ ಚೆನ್ನಾಗಿರುತ್ತದೆ, ಕೆಲವು ಸಲ ಉರಿ ತಗ್ಗಿ ಇನ್ನೂ ಚೆನ್ನ. ಮೂರನೇ ದಿನಕ್ಕೆ ರಟ್ಟಿನ ವಾಸನೆ ಶುರುವಾಗುತ್ತದೆ. ಅಷ್ಟರೊಳಗೆ ಕುಡಿಯಲಾಗದಿದ್ದರೆ ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಂಗಿಸಿ, ಆರಿಸಿ, ಸಾದಾ ವೆನಿಲಾ ಐಸ್‌ಕ್ರೀಮಿನ ಮೇಲೆ ಒಂದು ಚಮಚ ಹಾಕಿಕೊಳ್ಳಿ. ಆಲ್ಕೋಹಾಲ್ ಪೂರ್ತಿ ಹೋಗಿರುವುದಿಲ್ಲ, ಮಕ್ಕಳಿಗೆ ಕೊಡಬೇಡಿ.